ಶೋಧನೆ ಯಾರ ಮನೆಗೆ ಬಂತು?

ಅಡಿಗೆಮನೆಯಲ್ಲಿ ಟೀ ಶೋಧಿಸುತ್ತೇವೆ, ಪೊಲೀಸರು ಮನೆ ಶೋಧಿಸುತ್ತಾರೆ, ವಿಶ್ವವಿದ್ಯಾಲಯದವರು ಸಂಶೋಧನೆ ನಡೆಸುತ್ತಾರೆ. ಕನ್ನಡ ಕ್ರೈಸ್ತರಿಗೆ ಮಾತ್ರ ಶೋಧನೆ ‘ಬರುತ್ತದೆ’. ಕರ್ತನ ಪ್ರಾರ್ಥನೆಯಲ್ಲಿ ದಿನವೂ ನಾಲಿಗೆಗೆ ಬರುವ ಮಾತಿದು. ಸತ್ಯವೇದದಲ್ಲಿ ಸೈತಾನನಿಗೇ ‘ಶೋಧಕ’ ಎಂಬ ಹೆಸರುಂಟು.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಎಷ್ಟೋ ಪರಿಷ್ಕರಣೆಗಳಾದವು. ಇಂದಿಗೂ ಸಭೆಯ ಬಾಯಲ್ಲಿರುವುದು ಶೋಧನೆಯೇ. ಪ್ರಲೋಭನೆ ಎಂದರೆ ಪುಸ್ತಕದ ಮಾತಾಗುತ್ತದೆ, ಆಮಿಷ ಎಂದರೆ ಚುನಾವಣೆ ನೆನಪಾಗುತ್ತದೆ. ಶೋಧನೆಯ ಬೇರು ‘ಶುಧ್’, ಶುದ್ಧ ಮಾಡುವುದು. ಪರೀಕ್ಷೆಯೂ ಸೆಳೆತವೂ ಒಂದೇ ಮಾತಿನಲ್ಲಿ ಅಡಗಿವೆ. ಗ್ರೀಕ್ ಮೂಲದ ಪದವೂ ಹಾಗೆಯೇ. 2017ರಲ್ಲಿ ಪೋಪ್ ಫ್ರಾನ್ಸಿಸ್, ಶೋಧನೆಗೆ ದೂಡುವವನು ತಂದೆಯಲ್ಲ ಎಂದು ಕರ್ತನ ಪ್ರಾರ್ಥನೆಯ ಈ ಸಾಲಿನ ಇಟಾಲಿಯನ್ ಅನುವಾದಕ್ಕೆ ತಕರಾರು ತೆಗೆದರು. 2020ರಲ್ಲಿ ಅಲ್ಲಿನ ಪೂಜಾಗ್ರಂಥದಲ್ಲಿ ಸಾಲೇ ಬದಲಾಯಿತು.

ನನ್ನ ತಕರಾರು ಅನುವಾದದ ಮೇಲಲ್ಲ, ಬಳಕೆಯ ಮೇಲೆ. ಜಗಳೂರಿನಂಥ ಬರದ ಸೀಮೆಯಲ್ಲಿ ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿದರೆ, ಬೋರ್‌ವೆಲ್ ಫೇಲಾದರೆ ‘ಏನೋ ಶೋಧನೆ ಬ್ರದರ್’ ಅನ್ನುತ್ತೇವೆ. ಮಗುವಿಗೆ ಜ್ವರ ಬಂದರೂ ಶೋಧನೆ, ಸಾಲಗಾರ ಬಾಗಿಲಿಗೆ ಬಂದರೂ ಶೋಧನೆ. ತಪ್ಪೇನಲ್ಲ. ಆದರೆ ಚನ್ನಗಿರಿಯಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದಾಗ ‘ಶೋಧನೆ ಬಂತು, ಪ್ರಾರ್ಥನೆ ಮಾಡಿ’ ಎಂದವರನ್ನು ಕೇಳಿದ್ದೀರಾ? ಅಸಲಿಗೆ ಅದು ಬಂದದ್ದು ಆಗಲೇ. ಸುಲಿದು, ಬೇಯಿಸಿ, ಚೊಗರು ಹಾಕಿ ಒಣಗಿಸಿದ ಅಡಿಕೆ ಕಣದಲ್ಲಿ ಕೆಂಪಗೆ ಹರಡಿರುತ್ತದೆ. ಪಕ್ಕದಲ್ಲೇ ಅಗ್ಗದ ಗೊರಬಲು ಅಡಿಕೆಯ ಚೀಲ. ಒಂದಿಷ್ಟು ಬೆರೆಸಿದರೆ ಯಾರಿಗೆ ತಿಳಿಯುತ್ತದೆ? ಹೊನ್ನಾಳಿಯಲ್ಲಿ ಹೊಳೆಯ ಮರಳು ಕೇಳುವುದೂ ಇದೇ ಪ್ರಶ್ನೆಯನ್ನು.

ನ್ಯಾಮತಿಯದು ಇನ್ನೊಂದು ಬಗೆ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಎಸ್‌ಬಿಐ ಶಾಖೆಯಿಂದ 17 ಕೆ.ಜಿ.ಗೂ ಹೆಚ್ಚು ಚಿನ್ನ ಕಳುವಾಯಿತು. ಜನ ಅಡವಿಟ್ಟಿದ್ದ ಒಡವೆಗಳು. ತಿಂಗಳುಗಟ್ಟಲೆ ಶೋಧ ನಡೆದು, 2025ರ ಮಾರ್ಚಿನಲ್ಲಿ ಆರೋಪಿಗಳ ಬಂಧನವಾಯಿತು. ಚಿನ್ನದ ಬಹುಪಾಲು ಸಿಕ್ಕಿದ್ದು ದೂರದ ತಮಿಳುನಾಡಿನ ಉಸಿಲಂಪಟ್ಟಿಯ ಬಾವಿಯೊಂದರಲ್ಲಿ. ಬ್ಯಾಂಕಿನ ಕಿಟಕಿ ಮುರಿಯುವುದು ಪಾಪವೆಂದು ತಿಳಿಯಲು ಯಾರಿಗೂ ಪ್ರಸಂಗ ಬೇಕಿಲ್ಲ. ಗೊರಬಲಿನ ಚೀಲಕ್ಕೆ ಬೇಕು.

ಅರಣ್ಯದಲ್ಲಿ ಯೇಸುವಿಗೆ ಎದುರಾದ ಮೂರರಲ್ಲಿ ಹಸಿವಿನದು ಒಂದೇ. ದೇವಾಲಯದ ತುದಿಯಿಂದ ಧುಮುಕಿ ಹೆಸರು ಮಾಡುವುದು, ಲೋಕದ ರಾಜ್ಯಗಳನ್ನೆಲ್ಲ ಪಡೆಯುವುದು, ಇವೆರಡೂ ಲಾಭದ ಲೆಕ್ಕ. ಮೂರಕ್ಕೂ ಆತ ವಾದ ಬೆಳೆಸಲಿಲ್ಲ. ಧರ್ಮೋಪದೇಶಕಾಂಡದ ಮಾತೊಂದನ್ನು ಹೇಳಿ ಮುಗಿಸಿದ. ನಾವಾದರೆ ಚರ್ಚೆಗೆ ಕೂರುತ್ತೇವೆ, ಅಲ್ಲೇ ಸೋಲುತ್ತೇವೆ.

ಭಾನುವಾರ ಸಾಕ್ಷಿ ಹೇಳಲು ಏಳುವ ಅಣ್ಣ ಅಕ್ಕಂದಿರಲ್ಲಿ ಒಂದು ಕೋರಿಕೆ. ಬೆಳೆ ಹೋದ ವರ್ಷದ ಶೋಧನೆ ಹೇಳಿ ಕೂತುಬಿಡಬೇಡಿ, ಬೆಳೆ ಬಂದ ವರ್ಷದ್ದನ್ನೂ ಹೇಳಿ.