ಎಡೆದೊರೆನಾಡಿನ ಯುದ್ಧ ಮತ್ತು ಕುದುರೆಯ ವ್ಯಾಪಾರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ನಾಡನ್ನು ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಕಲ್ಲೂರು, ಮಾನ್ವಿ, ದೇವದುರ್ಗ, ರಾಯಚೂರುಗಳು ಸೇರಿದ ಈ ಭೂಭಾಗಕ್ಕಾಗಿ ವಿಜಯನಗರದ ಅರಸರೂ ಬಹಮನಿ ಮತ್ತು ಆದಿಲಶಾಹಿ ಸುಲ್ತಾನರೂ ತಲೆಮಾರುಗಳ ಕಾಲ ಹೋರಾಡಿದರು. ಇದನ್ನು ರಾಜವಂಶಗಳ ಹಗೆತನವೆಂದಷ್ಟೇ ಓದುವುದು ವಾಡಿಕೆ. ಆದರೆ ಇದರ ಹಿಂದೆ ಹೊರ್ಮುಜ್‌ನಿಂದ ಗೋವೆಯವರೆಗೆ ಹಬ್ಬಿದ ಮಾರುಕಟ್ಟೆಯೊಂದಿತ್ತು. ಅದರ ಮುಖ್ಯ ಸರಕು ಕುದುರೆ.

ಉತ್ತಮ ಯುದ್ಧಾಶ್ವಗಳಿಗಾಗಿ ದಕ್ಷಿಣದ ಸೇನೆಗಳು ಕಡಲಾಚೆಯ ನಾಡುಗಳನ್ನೇ ಅವಲಂಬಿಸಿದ್ದವು. ಹಡಗಿನ ಪಯಣದಲ್ಲಿ ಕುದುರೆಗಳು ಸಾಯುವುದೂ ಇತ್ತು. ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಳುವ ನರಸಿಂಹನು ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು, ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಲೇಖಕ ನೂನಿಜ್ ಬರೆದಿದ್ದಾನೆ. ಕಡಲಿನ ನಷ್ಟವನ್ನು ಅರಸನೇ ಹೊತ್ತುಕೊಂಡದ್ದರಿಂದ ವರ್ತಕರು ನಿರ್ಭಯವಾಗಿ ಬಂಡವಾಳ ಹೂಡಿದರು.

1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಕುದುರೆಯ ಆಮದು ಅವರ ಹಿಡಿತಕ್ಕೆ ಬಂದಿತು. ನೂನಿಜ್ ಹೇಳುವಂತೆ, ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು 40,000 ಪರ್ದಾವುಗಳನ್ನು ಸೀದಿ ಮರ್ಕಾರ್ ಎಂಬ ವರ್ತಕನಿಗೆ ಕೊಟ್ಟು ಗೋವೆಗೆ ಕಳುಹಿಸಿದನು. ಆತನು ಫೋಂಡಾದಿಂದ ಹಣದೊಡನೆ ಆದಿಲಶಾಹನ ಆಶ್ರಯಕ್ಕೆ ಓಡಿಹೋದನು. ಅವನನ್ನು ಒಪ್ಪಿಸಲು ಸುಲ್ತಾನನು ನಿರಾಕರಿಸಿದುದೇ 1520ರ ರಾಯಚೂರು ಯುದ್ಧಕ್ಕೆ ನೆಪವಾಯಿತು. ಯುದ್ಧದ ನಿಜವಾದ ಕಾರಣ ಎಡೆದೊರೆನಾಡಿನ ಒಡೆತನವೇ ಇರಬಹುದು. ಆದರೂ ಎರಡು ರಾಜ್ಯಗಳ ವೈರವು ವರ್ತಕನೊಬ್ಬನಿಗೆ ಸಾಲ ತೀರಿಸದೆ ತಪ್ಪಿಸಿಕೊಳ್ಳಲು ದಾರಿಯಾದುದು ಗಮನಾರ್ಹ. ಗಡಿ ದಾಟಿದ ಹಣವನ್ನು ಮರಳಿ ಪಡೆಯಲು ಸೇನೆಯ ಹೊರತು ಬೇರೆ ನ್ಯಾಯಾಲಯವಿರಲಿಲ್ಲ.

1565ರ ರಕ್ಕಸತಂಗಡಿ ಕದನದಿಂದ ವಿಜಯನಗರ ಪಟ್ಟಣವು ಹಾಳಾಯಿತು. ಎರಡು ವರ್ಷಗಳ ನಂತರ ಅಲ್ಲಿಗೆ ಬಂದ ವೆನಿಸ್‌ನ ವರ್ತಕ ಸೀಸರ್ ಫೆಡರಿಕ್, ತಿರುಮಲರಾಯನು ಒಳ್ಳೆಯ ಬೆಲೆಯ ಆಸೆ ತೋರಿಸಿ ಕುದುರೆಗಳನ್ನು ತರಿಸಿಕೊಂಡು, ಹಣ ಕೊಡದೆಯೇ ವ್ಯಾಪಾರಿಗಳನ್ನು ಕಳುಹಿಸಿಬಿಟ್ಟನೆಂದು ದಾಖಲಿಸಿದ್ದಾನೆ. ಸೋತ ರಾಜ್ಯಕ್ಕೆ ಕುದುರೆಗಳ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿತ್ತು. ಬೊಕ್ಕಸ ಮಾತ್ರ ಬರಿದಾಗಿತ್ತು. ವಿಜಯನಗರದ ಬೇಡಿಕೆಯನ್ನು ನಂಬಿದ್ದ ಗೋವೆಯ ವಾಣಿಜ್ಯವೂ ಆ ಪತನದೊಡನೆ ಕುಗ್ಗಿತು.

ಸತ್ತ ಕುದುರೆಗೂ ಬೆಲೆ ತೆತ್ತ ಕಾಲದಿಂದ ಬದುಕಿದ್ದ ಕುದುರೆಗೂ ಬೆಲೆ ಕೊಡದ ಕಾಲಕ್ಕೆ ನೂರು ವರ್ಷಗಳ ಅಂತರವೂ ಇಲ್ಲ. ಸಾಮ್ರಾಜ್ಯದ ಏಳುಬೀಳುಗಳನ್ನು ಕೋಟೆ, ಶಾಸನಗಳಲ್ಲಿ ಹುಡುಕುವ ಸಂಶೋಧಕರು ವರ್ತಕರ ಈ ಬರಹಗಳನ್ನೂ ಜೊತೆಗಿಟ್ಟು ಓದಬೇಕು. ಅರಸನ ಮಾತಿನ ಮೇಲೆ ಹಣ ಹೂಡಿದವರು ಆ ಮಾತಿನ ಬೆಲೆಯನ್ನು ಆಸ್ಥಾನ ಕವಿಗಳಿಗಿಂತ ನಿಷ್ಠುರವಾಗಿ ಅಳೆದಿದ್ದಾರೆ.