ಒಂದೇ ಗೋಡೆಯ ಊರುಗಳು

ವಿಡಿಯೋ ಗೇಮ್‌ನೊಳಗಿನ ಗೋಡೆ ಮೂಲತಃ ಬರಿಯ ಜ್ಯಾಮಿತೀಯ ಆಕೃತಿ. ಅದು ಇಟ್ಟಿಗೆಯದೋ, ಗಾರೆಯದೋ, ತುಕ್ಕು ಹಿಡಿದ ತಗಡಿನದೋ ಎಂಬುದನ್ನು ತಿಳಿಸುವುದು ಅದರ ಮೇಲೆ ಹೊದಿಸಿದ ಚಪ್ಪಟೆ ಚಿತ್ರ. ಟೆಕ್ಸ್ಚರ್ ಎಂದು ಕರೆಯುವ ಈ ಚಿತ್ರ ಯಂತ್ರದ ಮೆಮೊರಿಯಲ್ಲಿ ಜಾಗ ಹಿಡಿಯುವುದರಿಂದ, ಒಂದನ್ನೇ ಹತ್ತು ಕಡೆ ಅಂಟಿಸುವುದು ಈ ಕಸುಬಿನ ಹಳೆಯ ರೂಢಿಯಾಯಿತು. ಮೂರು ಆಯಾಮದ ನಗರಗಳು ಬರುವುದಕ್ಕೂ ಮುಂಚೆ, 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲೇ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕಾರವನ್ನು ಬಳಸಿ, ಬಣ್ಣವನ್ನಷ್ಟೇ ಬದಲಿಸಲಾಗಿತ್ತು. 1996ರ ಕ್ವೇಕ್ ಇದಕ್ಕೆ ಬೆಳಕನ್ನು ಸೇರಿಸಿತು: ನೆರಳು-ಬೆಳಕುಗಳನ್ನು ಮೊದಲೇ ಲೆಕ್ಕಹಾಕಿ ಗೋಡೆಯ ಮೇಲೆ ತೆಳುವಾದ ಪದರವಾಗಿ ಹರಡುವ ಲೈಟ್‌ಮ್ಯಾಪ್ ವಿಧಾನದಿಂದಾಗಿ, ಒಂದೇ ಕಲ್ಲಿನ ಚಿತ್ರ ದೀಪದ ಬಳಿ ಒಂದು ಬಗೆಯಾಗಿಯೂ ಮೂಲೆಯ ಕತ್ತಲಲ್ಲಿ ಇನ್ನೊಂದು ಬಗೆಯಾಗಿಯೂ ಕಾಣತೊಡಗಿತು.

ಮೆಮೊರಿಯ ಈ ಬಡತನವನ್ನೇ ಭಾವವಾಗಿ ಮಾರ್ಪಡಿಸಿದ ಕೃತಿಗಳಲ್ಲಿ ಜಪಾನಿನ ಕೊನಾಮಿ ಸಂಸ್ಥೆಯ ಸೈಲೆಂಟ್ ಹಿಲ್ (1999) ಮುಖ್ಯವಾದುದು. ಆ ಆಟ ಬಂದ ಪ್ಲೇಸ್ಟೇಷನ್ ಯಂತ್ರದಲ್ಲಿ ಚಿತ್ರಗಳಿಗೆಂದು ಇದ್ದ ಮೆಮೊರಿ 1 ಮೆಗಾಬೈಟ್ ಮಾತ್ರ. ಪರದೆಯ ಮೇಲೆ ಮೂಡುವ ದೃಶ್ಯವೂ ಎಲ್ಲ ಟೆಕ್ಸ್ಚರ್‌ಗಳೂ ಅದರಲ್ಲೇ ಹಿಡಿಸಬೇಕಿತ್ತು. ದೂರದ ಕಟ್ಟಡಗಳನ್ನು ಮೂಡಿಸುವ ಹೊರೆಯನ್ನು ಮಂಜು ಇಳಿಸಿತು, ಮಂಜಿನೊಳಗೆ ಒಂದರಂತೆ ಇನ್ನೊಂದಿರುವ ಬೀದಿಗಳು ದಾರಿ ತಪ್ಪಿದ ಅನುಭವವನ್ನು ಕೊಟ್ಟವು. ಅದಕ್ಕಿಂತ ಆಳವಾದ ಉಪಾಯವೆಂದರೆ, ಆಟಗಾರ ಒಮ್ಮೆ ಓಡಾಡಿದ ಶಾಲೆಯ ವಿನ್ಯಾಸವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿ, ಗೋಡೆ-ನೆಲಗಳ ಹೊದಿಕೆಯನ್ನು ಮಾತ್ರ ತುಕ್ಕಿಗೂ ಕಬ್ಬಿಣದ ಜಾಲರಿಗೂ ಬದಲಿಸಿದ್ದು. ಬಾಗಿಲು ಎಲ್ಲಿದೆಯೆಂದು ಕಾಲಿಗೆ ನೆನಪಿರುತ್ತದೆ, ಕಣ್ಣು ಮಾತ್ರ ಅದನ್ನು ಒಪ್ಪುವುದಿಲ್ಲ. ಹೊಸ ಕಟ್ಟಡವೊಂದು ಎಷ್ಟೇ ಭೀಕರವಾಗಿದ್ದರೂ ಈ ಬಗೆಯ ಭಯವನ್ನು ಹುಟ್ಟಿಸಲಾರದು.

2004ರ ಹಾಫ್-ಲೈಫ್ 2 ಆಟದ ಸಿಟಿ 17ರಲ್ಲಿ ಪುನರಾವರ್ತನೆಗೆ ಬೇರೊಂದು ಸಮರ್ಥನೆ ದೊರೆಯಿತು. ಅದರ ಕಲಾ ನಿರ್ದೇಶಕ ವಿಕ್ಟರ್ ಆಂಟೊನೊವ್ ಬಲ್ಗೇರಿಯಾದ ಸೋಫಿಯಾದಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದ ನಂತರ ಪೂರ್ವ ಯುರೋಪಿನಲ್ಲಿ ಎದ್ದ ವಸತಿ ಸಮುಚ್ಚಯಗಳಲ್ಲಿ ಬಹಳಷ್ಟು, ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಕಟ್ಟಿದವು. ಅಂದರೆ ಅಲ್ಲಿನ ನಿಜವಾದ ಊರುಗಳೇ ಒಂದು ಅಚ್ಚನ್ನು ಸಾವಿರ ಸಲ ಒತ್ತಿ ಆದವು. ಆದ್ದರಿಂದ ಸಿಟಿ 17ರ ಬೀದಿಗಳಲ್ಲಿ ಅದೇ ಗೋಡೆ ಮರಳಿ ಕಂಡಾಗ ಅದು ಯಂತ್ರದ ಮಿತಿಯೆಂದು ತೋರದೆ, ಅಲ್ಲಿ ಬದುಕುವವರ ಸ್ಥಿತಿಯೆಂದೇ ತೋರುತ್ತದೆ. ಬಣ್ಣ ಮಾಸಿದ ಹಳೆಯ ಗಾರೆಯ ನಡುವೆ, ಆಕ್ರಮಣಕಾರರಾದ ಕಂಬೈನ್‌ಗಳ ಕಪ್ಪುನೀಲಿ ಲೋಹ ತಡೆಗೋಡೆಗಳಾಗಿ ಮನೆಗಳನ್ನು ಸೀಳಿಕೊಂಡು ನುಗ್ಗುತ್ತದೆ. ಅದನ್ನು ಪದೇ ಪದೇ ಕಂಡ ಆಟಗಾರನಿಗೆ ಸೈನಿಕನೊಬ್ಬ ಎದುರಾಗುವ ಮೊದಲೇ ಊರು ಯಾರ ವಶದಲ್ಲಿದೆಯೆಂಬುದು ಗೊತ್ತಾಗಿರುತ್ತದೆ. ತಲೆಯೆತ್ತಿದರೆ ಛಾವಣಿಗಳಾಚೆ ನಿಂತ ಸಿಟಾಡೆಲ್ ಗೋಪುರವೂ ಅದೇ ಲೋಹದ್ದು.