ಒಂದು ದಾರ, ಎರಡು ದಾರ, ನಾಲ್ಕು ದಾರ: ಮಾತು ಕೇಳುವ ಗಾಳಿಪಟದ ಕಥೆ



ಆಷಾಢ ಬಂತೆಂದರೆ ನಿಮಗೆ ಮೊದಲು ಏನು ನೆನಪಾಗುತ್ತದೆ? ಹಳೆಯ ಮೈಸೂರು ಸೀಮೆಯವರಾದರೆ ಹೊಸದಾಗಿ ಮದುವೆಯಾದ ಅಕ್ಕ ತವರಿಗೆ ಬಂದದ್ದು ನೆನಪಾಗಬಹುದು, ಇಲ್ಲವೇ ಗಾಳಿಪಟ ನೆನಪಾಗಬಹುದು. ಪೊರಕೆಯಿಂದ ಕದ್ದ ಎರಡು ಕಡ್ಡಿ, ನಿನ್ನೆಯ ಪೇಪರು, ಅಂಟಿಸಲು ಅನ್ನದ ಅಗುಳು, ಅಮ್ಮನ ಹಳೆಯ ಸೀರೆಯ ಅಂಚು ಹರಿದು ಕಟ್ಟಿದ ಬಾಲಂಗೋಚಿ. ಇಷ್ಟಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಊರು ಬಿಟ್ಟು ಬಂದ ಮೊದಲ ವರ್ಷ ನಮ್ಮಲ್ಲಿ ಅನೇಕರಿಗೆ ಒಂದು ಗೊಂದಲವಾಗಿರುತ್ತದೆ. ಇಲ್ಲಿ ಪಟ ಹಾರುವ ಕಾಲವೇ ಬೇರೆ! ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಸಂಕ್ರಾಂತಿಗೆ ಹಾರುತ್ತದೆ. ದೆಹಲಿಯಲ್ಲಿ ಆಗಸ್ಟ್ 15ಕ್ಕೆ ಆಕಾಶ ತುಂಬುತ್ತದೆ. ಆಷಾಢದಲ್ಲಿ ಮುಂಬಯಿಯಲ್ಲಿ ಪಟ ಹಾರಿಸಲು ಹೋದರೆ ಪಟದ ಜೊತೆ ನೀವೂ ತೊಯ್ದು ಮುದ್ದೆಯಾಗುತ್ತೀರಿ.

ನಮ್ಮ ಮನೆಯಲ್ಲಿ ಈಗ ಮೂವತ್ತೊಂದು ಗಾಳಿಪಟಗಳಿವೆ. ಒಂದು ಬೆಡ್‌ರೂಮಿನ ಫ್ಲ್ಯಾಟು, ಮೂವತ್ತೊಂದು ಪಟ. ಮನೆಯಾಕೆಯ ಸಹನೆಯ ಬಗ್ಗೆ ಬೇರೆಯೇ ಲೇಖನ ಬರೆಯಬೇಕು. ಕಳೆದ ವರ್ಷ ಒಂದು ಪಟ ರಿಪೇರಿ ಮಾಡುತ್ತಾ ಮಗಳಿಗೆ, "ಆ ಸೂತ್ರ ಹಿಡಿದುಕೋ" ಎಂದೆ. ಅವಳು, "ಸೂತ್ರ ಅಂದರೆ ಫಾರ್ಮುಲಾ ಅಲ್ವಾ ಅಪ್ಪಾ?" ಎಂದಳು. ಇಲ್ಲೇ ಹುಟ್ಟಿ ಇಲ್ಲೇ ಓದುತ್ತಿರುವ ಹುಡುಗಿ, ಅವಳ ತಪ್ಪೇನಿಲ್ಲ. ಆದರೆ ಅಂದು ರಾತ್ರಿ ನನಗೆ ಸ್ವಲ್ಪ ಹೊತ್ತು ನಿದ್ದೆ ಬರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ನಮ್ಮ ಪಟದ ಒಂದೇ ದಾರದ ಜಾಣತನ

ಸೂತ್ರ ಎಂದರೆ ಪಟದ ಕಡ್ಡಿಗಳಿಗೆ ಕಟ್ಟಿ ಮುಂದೆ ಒಂದು ಗಂಟಿನಲ್ಲಿ ಸೇರಿಸುವ ಚಿಕ್ಕ ದಾರಗಳು. ಪಟ ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕು ಎಂಬುದನ್ನು ಆ ಗಂಟು ತೀರ್ಮಾನಿಸುತ್ತದೆ. ಬೆರಳಿನಗಲ ಮೇಲೆ ಕೆಳಗಾದರೂ ಪಟ ಏಳುವುದಿಲ್ಲ, ಇಲ್ಲವೇ ಗಿರಕಿ ಹೊಡೆಯುತ್ತದೆ. ಹಿಡಿತ ತಪ್ಪಿದ ಬದುಕಿಗೆ ನಮ್ಮವರು "ಸೂತ್ರ ಹರಿದ ಗಾಳಿಪಟ" ಎನ್ನುವುದು ಸುಮ್ಮನೆ ಅಲ್ಲ.

ಉತ್ತರ ಭಾರತದ, ಗುಜರಾತಿನ ಬಾಲವಿಲ್ಲದ ಪತಂಗ್ ನೋಡಿದ್ದೀರಲ್ಲ? ಒಂದೇ ದಾರವಾದರೂ ಅದು ಹೇಳಿದ ಕಡೆ ಹೋಗುತ್ತದೆ. ಹೇಗೆ ಗೊತ್ತೇ? ದಾರ ಸಡಿಲ ಬಿಟ್ಟಾಗ ಪಟ ಚಪ್ಪಟೆಯಾಗುತ್ತದೆ, ನೆಲೆ ತಪ್ಪಿ ತಿರುಗತೊಡಗುತ್ತದೆ. ಜಗ್ಗಿದಾಗ ಅಡ್ಡ ಬಿದಿರು ಕಡ್ಡಿ ಬಾಗಿ ಎರಡು ರೆಕ್ಕೆಗಳೂ ಹಿಂದಕ್ಕೆ ಸರಿಯುತ್ತವೆ, ಪಟ ಮೂತಿ ಎತ್ತ ಇದೆಯೋ ಅತ್ತ ನೇರ ಓಡುತ್ತದೆ. ಮೂತಿ ಬೇಕಾದ ದಿಕ್ಕಿಗೆ ಬಂದ ಕ್ಷಣದಲ್ಲಿ ಜಗ್ಗುವುದೇ ವಿದ್ಯೆ. ಓಣಿಯ ಹುಡುಗರು ಯಾವ ಪುಸ್ತಕವನ್ನೂ ಓದದೆ ಕಲಿತ ವಿದ್ಯೆ ಇದು.

ಪಶ್ಚಿಮದ ಪಟಗಳಿಗೆ ಈ ಗುಣ ಇರಲಿಲ್ಲ. ಅವು ಮೇಲೇರಿ ಒಂದು ಕಡೆ ನಿಲ್ಲುವ ಪಟಗಳು. ಹಾಗಾಗಿ ಅವರು ಪಟವನ್ನು ಪಳಗಿಸಲು ಇನ್ನೊಂದು ದಾರಿ ಹುಡುಕಿದರು. ಅದೇ ಎರಡು ದಾರ, ನಾಲ್ಕು ದಾರ. ಇವತ್ತು ಸ್ಪೋರ್ಟ್ ಕೈಟ್ ಎಂದು ಕರೆಯುವ ಆಟದ ಪಟ ಹುಟ್ಟಿದ್ದು ಹೀಗೆ.

ವಿಮಾನಕ್ಕೆ ಮೊದಲು ಒಂದು ಪಟ

1899ರ ಬೇಸಿಗೆ. ಅಮೆರಿಕದ ಡೇಟನ್ ಎಂಬ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ರೈಟ್, ಐದು ಅಡಿ ಅಗಲದ ಎರಡಂತಸ್ತಿನ ಪಟವೊಂದನ್ನು ಹಾರಿಸಿದರು. ಅದಕ್ಕೆ ನಾಲ್ಕು ದಾರ. ಎರಡು ಕೈಯಲ್ಲಿ ಎರಡು ಕೋಲು, ಒಂದೊಂದು ಕೋಲಿನ ಎರಡು ತುದಿಗೆ ಒಂದೊಂದು ದಾರ. ಕೋಲುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಓರೆ ಮಾಡಿದರೆ ಪಟದ ರೆಕ್ಕೆಗಳು ತಿರುಚಿಕೊಂಡು ಪಟ ಒಂದು ಕಡೆಗೆ ವಾಲುತ್ತಿತ್ತು. ಹಾರುವ ಯಂತ್ರವನ್ನು ಎಬ್ಬಿಸುವುದಕ್ಕಿಂತ ಹತೋಟಿಯಲ್ಲಿಡುವುದೇ ಕಷ್ಟ ಎಂದು ಅರಿತಿದ್ದ ಅವರು ರೆಕ್ಕೆ ತಿರುಚುವ ಉಪಾಯವನ್ನು ಮೊದಲು ಪರೀಕ್ಷಿಸಿದ್ದು ಈ ಪಟದಲ್ಲಿ. ನಾಲ್ಕು ವರ್ಷಗಳ ನಂತರ, 1903ರ ಡಿಸೆಂಬರ್ 17ರಂದು ರೈಟ್ ಸೋದರರ ವಿಮಾನ ಹಾರಿತು.

ಪಟವನ್ನೂ ವಿಮಾನವನ್ನೂ ಒಂದೇ ಮನೆತನ ಎಂದು ನಮ್ಮ ಸರಕಾರವೂ ಒಪ್ಪಿತ್ತು. 1934ರ ಭಾರತೀಯ ವಿಮಾನ ಕಾಯಿದೆಯ ವ್ಯಾಖ್ಯೆಯಲ್ಲಿ ಬಲೂನು, ಗ್ಲೈಡರುಗಳ ಜೊತೆ ಗಾಳಿಪಟವನ್ನೂ ಸೇರಿಸಲಾಗಿತ್ತು. ಆ ಕಾಯಿದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯಿದೆ ಬಂದಿದೆ. ಅಲ್ಲಿಯವರೆಗೆ ನಾವೆಲ್ಲ ಪೊರಕೆ ಕಡ್ಡಿಯ ಪೈಲಟ್ಟುಗಳೇ!

ಗುಂಡು ಹೊಡೆಸಿಕೊಂಡ ಪಟ

ರೈಟ್ ಪಟ ಹಾರಿದ ಅದೇ 1899ರಲ್ಲಿ ಪಾಲ್ ಗಾರ್ಬರ್ ಎಂಬವರು ಹುಟ್ಟಿದರು. ಮುಂದೆ ಅವರು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ವಿಮಾನಗಳನ್ನು ಸಂಗ್ರಹಿಸುವ ಕೆಲಸಕ್ಕೆ ಸೇರಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿದ್ದಾಗ ಅವರಿಗೆ ಒಂದು ಕೊರತೆ ಕಾಣಿಸಿತು. ಹಡಗಿನ ತೋಪುಗಾರರಿಗೆ ಗುರಿ ಅಭ್ಯಾಸ ಮಾಡಲು ಒಳ್ಳೆಯ ಗುರಿಯೇ ಇರಲಿಲ್ಲ. ಗಾರ್ಬರ್ ಸುಮಾರು ಐದು ಅಡಿಯ ವಜ್ರಾಕಾರದ ಪಟ ಮಾಡಿ, ಅದರ ಕೆಳತುದಿಗೆ ದೋಣಿಯ ಚುಕ್ಕಾಣಿಯಂಥ ಒಂದು ಚುಕ್ಕಾಣಿ ಕಟ್ಟಿ, ಎರಡು ದಾರಗಳಿಂದ ಹಾರಿಸಿದರು. ಪಟದ ಮೇಲೆ ಶತ್ರು ವಿಮಾನದ ಕಪ್ಪು ನೆರಳಿನ ಚಿತ್ರ. ಅದು ಧುಮುಕುತ್ತಿತ್ತು, ಮೇಲೇರುತ್ತಿತ್ತು, ಎಂಟರ ಆಕಾರ ಬರೆಯುತ್ತಿತ್ತು. ನಿಜವಾದ ವಿಮಾನದ ಹಾಗೆ ತಪ್ಪಿಸಿಕೊಳ್ಳುತ್ತಿತ್ತು.

ಯುದ್ಧಕ್ಕೆಂದು ಹುಟ್ಟಿದ ಪಟವನ್ನು ಅವರು ಯುದ್ಧದೊಂದಿಗೆ ಮುಗಿಯಲು ಬಿಡಲಿಲ್ಲ. 1967ರಲ್ಲಿ ವಾಷಿಂಗ್ಟನ್ನಿನಲ್ಲಿ ಸ್ಮಿತ್‌ಸೋನಿಯನ್ ಗಾಳಿಪಟ ಉತ್ಸವ ಶುರು ಮಾಡಿದವರು ಇದೇ ಗಾರ್ಬರ್. 1992ರಲ್ಲಿ ತೀರಿಕೊಂಡರು.

ಇದೇ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1948ರಲ್ಲಿ ಫ್ರಾನ್ಸಿಸ್ ರೊಗಾಲೊ ಮತ್ತು ಅವರ ಪತ್ನಿ ಗರ್ಟ್ರೂಡ್, ಅಡುಗೆಮನೆಯ ಪರದೆಯ ಬಟ್ಟೆಯಿಂದ ಕಡ್ಡಿಯೇ ಇಲ್ಲದ ಪಟ ಮಾಡಿದರು. ಗಾಳಿ ತುಂಬಿದಾಗ ತಾನೇ ಆಕಾರ ತಳೆಯುವ ರೆಕ್ಕೆ ಅದು. 1951ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ಹ್ಯಾಂಗ್ ಗ್ಲೈಡರಿಗೂ, ನಾವು ಸಮುದ್ರ ತೀರದಲ್ಲಿ ನೋಡುವ ತ್ರಿಕೋನದ ಸ್ಪೋರ್ಟ್ ಕೈಟಿಗೂ ಆ ಪರದೆಯೇ ಮೂಲ ಎನ್ನಬಹುದು. ಅಡುಗೆಮನೆಯ ಪರದೆಗೆ ಕೈ ಹಾಕುವ ಧೈರ್ಯ ನನಗಂತೂ ಇಲ್ಲ.

ಆಟವಾದದ್ದು 1972ರಲ್ಲಿ

ಎರಡು ದಾರದ ಪಟವನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಇಂಗ್ಲೆಂಡಿನ ಪೀಟರ್ ಪೊವೆಲ್ ಅವರದು. 1972ರಲ್ಲಿ ಅವರು ಮಾಡಿದ ಪಟಕ್ಕೆ ಒಂದು ವಿಶೇಷವಿತ್ತು: ಅದರ ಬಾಲಂಗೋಚಿ ಪೊಳ್ಳಾದ ಪ್ಲಾಸ್ಟಿಕ್ ಕೊಳವೆ. ಹಾರುವಾಗ ಗಾಳಿ ತುಂಬಿ ಅದು ಉಬ್ಬುತ್ತಿತ್ತು. ಪಟ ಸುತ್ತು ಹೊಡೆದಾಗ ಆ ಬಾಲ ಆಕಾಶದಲ್ಲಿ ರಂಗೋಲಿ ಬರೆದ ಹಾಗೆ ಕಾಣುತ್ತಿತ್ತು. 1976ರಲ್ಲಿ ಬ್ರಿಟನ್ನಿನಲ್ಲಿ ಅದಕ್ಕೆ ವರ್ಷದ ಆಟಿಕೆ ಎಂಬ ಗೌರವ ಸಿಕ್ಕಿತು. ಪೊವೆಲ್ 2016ರಲ್ಲಿ ನಿಧನರಾದರು.

ಆಮೇಲೆ ಬಂದದ್ದು ಹೊಸ ಸಾಮಗ್ರಿಗಳ ಕಾಲ. ಹರಿದರೂ ಹರವು ಮುಂದುವರಿಯದ ರಿಪ್‌ಸ್ಟಾಪ್ ನೈಲಾನ್, ಹಗುರವಾದ ಕಾರ್ಬನ್ ಕಡ್ಡಿ, ಹಿಗ್ಗದ ನುಣುಪಾದ ದಾರ. 1980ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಹ್ಯಾಡ್ಜಿಕಿ ಸೋದರರು ನಾಲ್ಕು ದಾರದ ಪಟ ತಂದರು. ಅದು ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ತಲೆಕೆಳಗಾಗಿ ಗಾಳಿಯಲ್ಲಿ ನಿಶ್ಚಲವಾಗಿ ನಿಲ್ಲುತ್ತದೆ. ವಿಲ್ಬರ್ ರೈಟ್ ಹಿಡಿದಿದ್ದ ಎರಡು ಕೋಲು, ನಾಲ್ಕು ದಾರ ಸುಮಾರು ತೊಂಬತ್ತು ವರ್ಷಗಳ ನಂತರ ಆಟವಾಗಿ ಮರಳಿ ಬಂದಂತಾಯಿತು.

ಈ ಆಟದಲ್ಲಿ ಸ್ಪರ್ಧೆಗಳೂ ಇವೆ. ಒಂದರಲ್ಲಿ ಹೇಳಿದ ಆಕಾರವನ್ನು ತಪ್ಪಿಲ್ಲದೆ ಆಕಾಶದಲ್ಲಿ ಬರೆಯಬೇಕು. ಇನ್ನೊಂದರಲ್ಲಿ ಸಂಗೀತಕ್ಕೆ ತಕ್ಕಂತೆ ಪಟವನ್ನು ಕುಣಿಸಬೇಕು. ರೇಡಿಯೋ ಕೇಳುವ ನಮ್ಮಂಥವರಿಗೆ ಹೇಳಿ ಮಾಡಿಸಿದ ಆಟವಲ್ಲವೇ?

ಹಾರಿಸುವುದು ಹೇಗೆ?

ಎರಡು ದಾರವೂ ಒಂದೇ ಉದ್ದ ಇರಬೇಕು. ಇದು ಮೊದಲ ನಿಯಮ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಬಲದ ದಾರ ಎಳೆದರೆ ಪಟ ಬಲಕ್ಕೆ ತಿರುಗುತ್ತದೆ, ಎಡದ್ದು ಎಳೆದರೆ ಎಡಕ್ಕೆ. ಎರಡನ್ನೂ ಸಮವಾಗಿ ಹಿಡಿದರೆ ನೇರ. ಹೊಸಬರು ಪಟ ಕೆಳಗೆ ಬರುವಾಗ ಗಾಬರಿಯಾಗಿ ಎರಡೂ ಕೈ ಜಗ್ಗುತ್ತಾರೆ. ಆಗ ಅದು ಇನ್ನೂ ಜೋರಾಗಿ ನೆಲಕ್ಕೆ ಬಡಿಯುತ್ತದೆ. ಒಂದೇ ಕೈ ಎಳೆದು ತಿರುಗಿಸಬೇಕು. ಬಲಕ್ಕೆ ಮೂರು ಸುತ್ತು ಹೊಡೆಸಿದರೆ ದಾರದಲ್ಲಿ ಮೂರು ತಿರುಚು ಬೀಳುತ್ತದೆ. ಎಡಕ್ಕೆ ಮೂರು ಸುತ್ತು ಹೊಡೆಸಿದರೆ ಬಿಚ್ಚಿಕೊಳ್ಳುತ್ತದೆ.

ಕಟ್ಟಡಗಳ ನಡುವೆ, ಮರಗಳ ಹಿಂದೆ ಗಾಳಿ ಸುಳಿಯಾಗಿ ಬರುತ್ತದೆ, ಅಲ್ಲಿ ಪಟ ಮಾತು ಕೇಳುವುದಿಲ್ಲ. ಕಡಲ ತೀರದ ಸಂಜೆಯ ಗಾಳಿ ಎಲ್ಲಕ್ಕಿಂತ ಉತ್ತಮ. ವಿದ್ಯುತ್ ತಂತಿಯ ಹತ್ತಿರ, ವಿಮಾನ ನಿಲ್ದಾಣದ ಸುತ್ತಮುತ್ತ, ಗುಡುಗು ಮಿಂಚಿನ ಹೊತ್ತಿನಲ್ಲಿ ದಯವಿಟ್ಟು ಬೇಡ. ಬಿಗಿಯಾದ ದಾರದ ಮುಂದೆ ಜನರು, ಮಕ್ಕಳು ಹಾದುಹೋಗದಂತೆ ನೋಡಿಕೊಳ್ಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಪಟಕ್ಕೆ ಎದುರಾಳಿ ಬೇಕಿಲ್ಲ, ಮಾಂಜಾ ಬೇಕಿಲ್ಲ. ಒಂದು ಸಂಕ್ರಾಂತಿಯ ಮರುದಿನ ನಮ್ಮ ಕಾಲೊನಿಯ ಮಳೆಮರದಲ್ಲಿ ಮಾಂಜಾಕ್ಕೆ ರೆಕ್ಕೆ ಸಿಕ್ಕಿಕೊಂಡ ಗಿಡುಗವೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಏಣಿ ತರುವಷ್ಟರಲ್ಲಿ ಸತ್ತುಹೋಯಿತು. ಅದರ ಹಿಂದಿನ ದಿನ ಮಹಡಿಯ ಮೇಲೆ "ಕಾಟಾ" ಎಂದು ಕೂಗಿದವರಲ್ಲಿ ನಾನೂ ಒಬ್ಬ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ದೇಶದಾದ್ಯಂತ ನಿಷೇಧಿಸಿತು. ಆದರೂ ಪ್ರತಿ ವರ್ಷ ಬೈಕ್ ಸವಾರರ ಕತ್ತು ಕೊಯ್ದ ಸುದ್ದಿ ಓದುತ್ತಲೇ ಇದ್ದೇವೆ. ನಾನು ಎರಡು ದಾರದ ಪಟ ಹಿಡಿದದ್ದು ಆ ಗಿಡುಗ ಸತ್ತ ವರ್ಷ.

ಮನೆಯಲ್ಲೊಂದು ಪುಟ್ಟ ಸಂಗ್ರಹ

ದೊಡ್ಡ ಸಂಗ್ರಹಾಲಯಗಳೂ ಯಾರದೋ ಮನೆಯ ಹುಚ್ಚಿನಿಂದಲೇ ಹುಟ್ಟಿದ್ದು. ಅಹಮದಾಬಾದಿನ ಸಂಸ್ಕಾರ ಕೇಂದ್ರದ ಗಾಳಿಪಟ ಸಂಗ್ರಹಾಲಯಕ್ಕೆ ಮೂಲ, ಭಾನುಭಾಯಿ ಶಾ ಅವರು ದಶಕಗಳ ಕಾಲ ಕೂಡಿಸಿದ ಪಟಗಳು. ಟೋಕಿಯೋದಲ್ಲಿ ಹೋಟೆಲು ನಡೆಸುತ್ತಿದ್ದ ಶಿಂಗೊ ಮೊಡೆಗಿ ಎಂಬವರು ತಮ್ಮ ಸಂಗ್ರಹದಿಂದ 1977ರಲ್ಲಿ ಹೋಟೆಲಿನ ಮೇಲಂತಸ್ತಿನಲ್ಲೇ ಗಾಳಿಪಟ ಸಂಗ್ರಹಾಲಯ ತೆರೆದರು. ನಮ್ಮವರೇ ಆದ ಟೀಮ್ ಮಂಗಳೂರಿನ ಗೆಳೆಯರು ಕಥಕ್ಕಳಿಯ ಮುಖದ ಬೃಹತ್ ಪಟ ಕಟ್ಟಿ ವಿದೇಶದ ಉತ್ಸವಗಳಿಗೂ ಒಯ್ದರು. ಪಣಂಬೂರಿನ ಕಡಲ ತೀರದಲ್ಲಿ ಅಂತಾರಾಷ್ಟ್ರೀಯ ಗಾಳಿಪಟ ಉತ್ಸವ ನಡೆದದ್ದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು.

ನೀವೂ ಶುರು ಮಾಡುವುದಾದರೆ ಅನುಭವದ ನಾಲ್ಕು ಮಾತು. ಕಾಗದದ ಪಟಗಳನ್ನು ಎರಡು ರಟ್ಟಿನ ನಡುವೆ ಚಪ್ಪಟೆಯಾಗಿಟ್ಟು ಮಂಚದ ಕೆಳಗೆ ಸರಿಸಿ, ಗೋಡೆಗೆ ತಾಗಿಸಬೇಡಿ. ಮುಂಬಯಿ, ಚೆನ್ನೈಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬೆಳ್ಳಿಮೀನು ಹುಳುವಿಗೆ ಮೈದಾ ಅಂಟು ಮೃಷ್ಟಾನ್ನ, ಅದಕ್ಕೆ ಒಣಗಿದ ಬೇವಿನೆಲೆ ಇಡಿ. ಬಿದಿರಿನಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ಪಟವನ್ನು ತಕ್ಷಣ ಬೇರೆ ಇಡಿ. ನೈಲಾನ್ ಪಟಗಳ ಮರಳು ಕೊಡವಿ, ನೆರಳಲ್ಲಿ ಒಣಗಿಸಿ, ಕಡ್ಡಿ ತೆಗೆದು ಸುರುಳಿ ಸುತ್ತಿ. ಬಿಸಿಲಿಗೆ ಬಟ್ಟೆ ಬಣ್ಣಗೆಟ್ಟು ಜೀರ್ಣವಾಗುತ್ತದೆ. ದಾರವನ್ನು ಎಂಟರ ಆಕಾರದಲ್ಲಿ ಸುತ್ತಿದರೆ ಗಂಟಾಗುವುದಿಲ್ಲ. ಪ್ರತಿ ಪಟಕ್ಕೂ ಒಂದು ಚೀಟಿ ಕಟ್ಟಿ: ಎಲ್ಲಿ, ಯಾವ ವರ್ಷ, ಯಾರು ಮಾಡಿದ್ದು.

ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಹಳೆಯದು ಅಪ್ಪ ಮಾಡಿಕೊಟ್ಟ ಪೇಪರ್ ಪಟ. ಕನ್ನಡ ದಿನಪತ್ರಿಕೆಯ ಹಾಳೆ, ಹಳದಿಯಾಗಿದೆ, ಮುಟ್ಟಿದರೆ ಪುಡಿಯಾಗುವಂತಿದೆ. ಮಗಳು ಅದನ್ನು ಹಾರಿಸಬೇಕೆಂದು ಹಟ ಹಿಡಿದಳು. ಇಡುವುದೋ, ಹಾರಿಸುವುದೋ? ಕೊನೆಗೆ ಅದನ್ನು ನೆಲದ ಮೇಲಿಟ್ಟು, ಅಳತೆ ತೆಗೆದು, ಅಂಥದೇ ಇನ್ನೊಂದು ಮಾಡಿದೆವು. ಪೊರಕೆ ಕಡ್ಡಿ, ಅನ್ನದ ಅಗುಳು, ಅಮ್ಮನ ದುಪಟ್ಟಾದ ಬಾಲಂಗೋಚಿ. ಸೂತ್ರ ಕಟ್ಟಿದ್ದು ಅವಳೇ. ಮೂರು ಸಲ ಗಿರಕಿ ಹೊಡೆದು ಬಿತ್ತು. ನಾಲ್ಕನೇ ಸಲ ಗಂಟನ್ನು ಒಂದು ಬೆರಳು ಮೇಲಕ್ಕೆ ಸರಿಸಿದಳು, ಎದ್ದಿತು. ಈಗ ಅವಳಿಗೆ ಸೂತ್ರ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಊರಿನಿಂದ ಬಂದ ಪಟವೊಂದು ಇದೆಯೇ? ನಿಮ್ಮ ಕಡೆ ಬಾಲಂಗೋಚಿಗೆ, ಸೂತ್ರಕ್ಕೆ ಬೇರೆ ಹೆಸರಿದೆಯೇ? ನಮಗೆ ಬರೆದು ತಿಳಿಸಿ. ಮುಂದಿನ ಆಷಾಢದಲ್ಲಿ ಊರಿಗೆ ಹೋದರೆ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಗಾಳಿ ಅಲ್ಲಿ ಹಾಗೆಯೇ ಬೀಸುತ್ತಿರುತ್ತದೆ.